ಬಾಣಕ್ಕೆ ಆಗೋ ಕಾಡುಪೊದೆ ಗುರುತು ಹಿಡಿಯೋದು ಹೇಗೆ? (ನ್ಯೂಜೆರ್ಸಿ)

ಬಿಲ್ಲುಹಬ್ಬ:
ಎಲ್ರಿಗೂ ನಮಸ್ಕಾರ. ನನ್ಹತ್ರ ಎಳೆಯೋಕೆ 35 ಪೌಂಡ್ ಬಲ ಬೇಕಾಗೋ ಮರದ ಬಿಲ್ಲಿದೆ, ಅಂಗಡಿ ಬಾಣ ಸಾಕು, ಕಾಡುಕಡ್ಡಿಯಿಂದ ನಾನೇ ಮಾಡ್ಕೊಳ್ಳೋಣ ಅಂತ ಆಸೆ. ಇಲ್ಲಿ ಆರೋವುಡ್ ವೈಬರ್ನಮ್ ಅನ್ನೋ ಪೊದೆ ಒಳ್ಳೇದು ಅಂತಾರೆ. ಫ್ರೆಂಡ್ ಜಮೀನಿನ ತೊರೆ ಪಕ್ಕ ನೆಟ್ಟಗೆ ಎದ್ದಿರೋ ಪೊದೆಗಳು ಬೇಕಾದಷ್ಟಿವೆ, ಕಡಿಯೋಕೆ ಅವರ ಒಪ್ಪಿಗೇನೂ ಇದೆ, ಆದ್ರೆ ಫೋನಿನ ಆಪ್ ಒಂದ್ಸಲ ವೈಬರ್ನಮ್ ಅನ್ನುತ್ತೆ, ಅದೇ ಗಿಡಕ್ಕೆ ಇನ್ನೊಂದ್ಸಲ ಡಾಗ್‌ವುಡ್ ಅನ್ನುತ್ತೆ. ಏನು ನೋಡ್ಬೇಕು?

ತೋಟದ ಮೂಲೆ:
ಆಪ್ ಬಿಡಿ ಸರ್, ಎಲೆ ಕಿತ್ತು ನೋಡಿ. ಎರಡರಲ್ಲೂ ಎಲೆ ಎದುರುಬದುರು ಜೋಡಿಯಾಗೇ ಬರೋದು, ಅಲ್ಲೇ ಕನ್‌ಫ್ಯೂಸ್ ಆಗೋದು. ಆರೋವುಡ್ ಎಲೆ ಅಂಚಲ್ಲಿ ದಪ್ಪ ದಪ್ಪ ಗರಗಸದ ಹಲ್ಲು, ನರಗಳು ನೇರವಾಗಿ ಹೋಗಿ ಹಲ್ಲಿಗೇ ಮುಟ್ಟುತ್ವೆ. ಡಾಗ್‌ವುಡ್ ಎಲೆ ಅಂಚು ನುಣ್ಣಗೆ, ನರ ಬಾಗಿ ತುದಿ ಕಡೆ ತಿರುಗುತ್ತೆ, ಎಲೆ ಅಡ್ಡಕ್ಕೆ ಮೆಲ್ಲಗೆ ಹರಿದ್ರೆ ನರಗಳಿಂದ ಬಿಳೀ ಎಳೆ ಬಂದು ಎರಡು ಚೂರೂ ಜೋತಾಡ್ತವೆ. ಹಾಗಂತ ಡಾಗ್‌ವುಡ್ ಸಿಕ್ರೆ ಬಿಸಾಕ್ಬೇಡಿ, ಅದ್ರಲ್ಲೂ ಒಳ್ಳೇ ಬಾಣ ಆಗುತ್ತೆ.

ಈ ಎರಡರ ಜೊತೇಲೇ ಬೆಳೆಯೋ ಪೊದೆ ಹನಿಸಕಲ್ ಇದ್ಯಲ್ಲ, ಅದ್ರ ಎಲೇನೂ ಜೋಡಿ ಜೋಡಿ. ಕಡ್ಡಿ ಕತ್ತರಿಸಿ ನಡುವೆ ನೋಡಿ, ಹೊರಗಿಂದ ತಂದ ಜಾತಿ ಆದ್ರೆ ಟೊಳ್ಳಾಗಿರುತ್ತೆ. ಎಲ್ಡರ್‌ಬೆರಿ ಆದ್ರೆ ನಡುವೆ ಅಗಲವಾದ ಮೆತ್ತನೆ ಬಿಳೀ ತಿರುಳು. ಎರಡೂ ಬೇಡ.

ಮುಖ್ಯವಾದ್ದು ಇದು: ಕಡಿಯೋದು ಚಳಿಗಾಲದಲ್ಲಿ, ಆಗ ಎಲೇನೇ ಇರಲ್ಲ, ಎಲ್ಲ ಕಡ್ಡೀನೂ ಒಂದೇ ಥರ ಕಾಣ್ಸುತ್ತೆ, ಅದ್ಕೇ ಈಗ್ಲೇ ಎಲೆ ಇರೋವಾಗ ಗುರುತು ಹಿಡಿದು ಬುಡಕ್ಕೆ ರಿಬ್ಬನ್ ಕಟ್ಬಿಡಿ.

ಉಪ್ಪಿನಂಗಡಿ ಟು ಓಹಾಯೋ:
ತೊರೆ ಪಕ್ಕ ಅಂದ್ರಲ್ಲ, ಪಾಯ್ಸನ್ ಸುಮಾಕ್ ಬಗ್ಗೆ ಹುಷಾರು. ಅದೂ ಜೌಗು ನೆಲದಲ್ಲೇ ಬೆಳೆಯೋದು, ತೊಗಟೆ ಸುಲೀವಾಗ ರಸ ತಾಗಿದ್ರೆ ಮೈಯೆಲ್ಲ ಗುಳ್ಳೆ ಏಳುತ್ತೆ. ಒಂದೇ ತೊಟ್ಟಿನಲ್ಲಿ 7ರಿಂದ 13 ಚಿಕ್ಕೆಲೆ, ಬೂದುಬಿಳುಪಿನ ಹಣ್ಣು ಜೋತಿರುತ್ತೆ. ಚಳಿಗಾಲದಲ್ಲಿ ಮೊಗ್ಗು ನೋಡಿ, ಜೋಡಿಯಾಗಿಲ್ದೆ ಒಂದು ಈ ಕಡೆ ಒಂದು ಆ ಕಡೆ ಇದ್ರೆ ಕೈ ಹಾಕ್ಲೇಬೇಡಿ.

ಬಿಲ್ಲುಹಬ್ಬ:
ತುಂಬಾ ಥ್ಯಾಂಕ್ಸ್! ಎಷ್ಟು ದಪ್ಪದ್ದು ಕಡೀಲಿ? ಹಸಿ ಇರುವಾಗ್ಲೇ ತೊಗಟೆ ತೆಗೀಬೇಕಾ?

ತೋಟದ ಮೂಲೆ:
ಬೇಡ ಬೇಡ, ತೊಗಟೆ ಸಮೇತ ಬಿಗಿಯಾಗಿ ಕಂತೆ ಕಟ್ಟಿ ನೆರಳಲ್ಲಿ ಕೆಲವು ತಿಂಗಳು ಇಡಿ, ಹಸೀಲೇ ಸುಲಿದ್ರೆ ಬೇಗ ಒಣಗಿ ಬಿರುಕು ಬಿಡೋ ಚಾನ್ಸ್ ಜಾಸ್ತಿ. ಒಣಗಿದ ಮೇಲೆ ಸಣ್ಣಗಾಗುತ್ತೆ, ಅದಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ದಪ್ಪ, ಸ್ವಲ್ಪ ಉದ್ದ ಇರೋದನ್ನೇ ಕಡೀರಿ. ಪಕ್ಕದ ಕೊಂಬೆ ಒಡೀದೆ ಬುಡದಿಂದ ನೇರ ಎದ್ದಿರೋದನ್ನ ಹುಡುಕಿ, ಹಿಂದೆ ಯಾರಾದ್ರೂ ಬುಡಕ್ಕೆ ಸವರಿದ್ದ ಪೊದೆ ಆದ್ರೆ ಅಂಥವು ರಾಶಿ ಸಿಗುತ್ವೆ. ಸೊಟ್ಟ ಇದ್ದಲ್ಲಿ ಬಿಸಿ ಮಾಡಿ, ಬಗ್ಗಿಸಿ, ಆರೋವರೆಗೂ ಹಾಗೇ ಹಿಡ್ಕೊಳ್ಳಿ. ದಪ್ಪ ತುದಿಗೆ ಮೊನೆ, ಸಣ್ಣ ತುದಿಗೆ ಹೆದೆ ಕೂರೋ ಕಚ್ಚು, ಆ ಕಚ್ಚಿನ ಕೆಳಗೆ ದಾರ ಬಿಗಿಯಾಗಿ ಸುತ್ತಿ, ಇಲ್ಲಾಂದ್ರೆ ಸೀಳುತ್ತೆ.

ಸುಮ್ನೆ ಓದುಗ:
1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ ಓಟ್ಸಿ, ಸುಮಾರು 5,300 ವರ್ಷ ಹಳೇ ಮನುಷ್ಯ, ಅವನ ಬತ್ತಳಿಕೇಲಿದ್ದ ಕಡ್ಡಿಗಳೂ ವೈಬರ್ನಮ್ಮೇ! ಆ ಕಡೆ ಬೆಳೆಯೋ ಬೇರೆ ಜಾತಿ ಅಷ್ಟೇ. ಎರಡೇ ಬಾಣ ರೆಡಿ ಆಗಿತ್ತಂತೆ, 12 ಇನ್ನೂ ಅರ್ಧಂಬರ್ಧ, ಪಾಪ.

ಉಪ್ಪಿನಂಗಡಿ ಟು ಓಹಾಯೋ:
😄 ಬಿಲ್ಲುಹಬ್ಬ ಅವ್ರೇ, ಹೂಡೋಕೆ ಮುಂಚೆ ಪ್ರತೀ ಬಾಣನೂ ನಾಲ್ಕೂ ಕಡೆ ಸ್ವಲ್ಪ ಬಗ್ಗಿಸಿ ನೋಡಿ, ಚಟ್ ಅಂತ ಸದ್ದು ಬಂದ್ರೆ ಮುರಿದು ಎಸೀರಿ. ಎಳೆದು ಬಿಟ್ಟಾಗ ಮುರಿದ್ರೆ ಅದು ಕೈಗೇ ಚುಚ್ಚೋದು.