ಗಡಿಯಾರದ ಅಚ್ಚನ್ನು ‘ಕಡೆಯುವುದು’ ಅನ್ನಬಹುದೇ?

ನಮಸ್ಕಾರ,

ಹಳೆಯ ಕೀಲಿ ಗಡಿಯಾರಗಳ ರಿಪೇರಿ ಕಲಿಯುತ್ತಿರುವ ಇಬ್ಬರು ಹುಡುಗರಿಗೆ ಕನ್ನಡದಲ್ಲೊಂದು ಟಿಪ್ಪಣಿ ಬರೆಯುತ್ತಿದ್ದೇನೆ. ಲೋಹವನ್ನೋ ಮರವನ್ನೋ ತಿರುಗಿಸಿ ದುಂಡಗೆ ಮಾಡುವ ಯಂತ್ರ, ಅಂದರೆ ಲೇತಿಗೆ, ಲೇತು ಎಂದೇ ಬರೆದೆ, ಅದರಲ್ಲಿ ತಕರಾರಿಲ್ಲ. ಲೇತಿನ ಮೇಲೆ ಮಾಡುವ ಕೆಲಸಕ್ಕೆ ಏನನ್ನೋಣ? ವರ್ಕ್‌ಶಾಪಿನವರು ‘ಟರ್ನಿಂಗ್’ ಅನ್ನುತ್ತಾರೆ. ‘ತಿರುಗಿಸು’ ಎಂದರೆ ಲೋಹ ಸವೆಯುವ ಅರ್ಥವೇ ಬರುವುದಿಲ್ಲ. ಕೀಲಿಯನ್ನೂ ತಿರುಗಿಸುತ್ತೇವೆ, ಮುಳ್ಳನ್ನೂ ತಿರುಗಿಸುತ್ತೇವೆ.

ನನಗೆ ಹೊಳೆದದ್ದು ‘ಕಡೆ’. ಹೊಯ್ಸಳ ಗುಡಿಗಳ ಬಳಪದ ಕಲ್ಲಿನ ದುಂಡು ಕಂಬಗಳನ್ನು ಕಡೆದ ಕಂಬ ಎನ್ನುತ್ತೇವಲ್ಲ, ಆ ‘ಕಡೆ’. (ಉಳಿಯಿಂದ ಕೆತ್ತಿದ ವಿಗ್ರಹಕ್ಕೂ ‘ಕಡೆದ’ ಎನ್ನುವುದುಂಟು, ಅದು ಬೇರೆ ಮಾತು.) ತಮಿಳು, ಮಲಯಾಳಗಳಲ್ಲಿ ಇದೇ ಧಾತುವಿಗೆ ಮೊಸರು ಕಡೆಯುವುದು, ಲೇತಿನಲ್ಲಿ ದುಂಡಗೆ ಮಾಡುವುದು, ಎರಡೂ ಅರ್ಥಗಳಿವೆ.

ಗಡಿಯಾರದವರ ಹಳೆಯ ಕೈಲೇತು ನೋಡಿದವರಿಗೆ ಈ ನಂಟು ವಿಚಿತ್ರ ಅನಿಸದು. ಅದಕ್ಕೆ ಮೋಟಾರಿಲ್ಲ. ಅಚ್ಚನ್ನು, ಅಂದರೆ ಗಡಿಯಾರದ ಚಕ್ರ ಕೂತಿರುವ ಕಡ್ಡಿಯನ್ನು, ಎರಡು ಮೊನೆಗಳ ನಡುವೆ ನಿಲ್ಲಿಸಿ, ಅದಕ್ಕೊಂದು ಪುಟ್ಟ ರಾಟೆ ಕಚ್ಚಿಸಿ, ಬಿಲ್ಲಿನ ಕುದುರೆಕೂದಲನ್ನು ರಾಟೆಗೆ ಒಂದು ಸುತ್ತು ಹಾಕಿ ಎಳೆಯುವುದು. ಒಮ್ಮೆ ಅತ್ತ, ಒಮ್ಮೆ ಇತ್ತ, ಥೇಟ್ ಕಡಗೋಲಿಗೆ ಹಗ್ಗ ಸುತ್ತಿ ಎಳೆದ ಹಾಗೆ. ಬಿಲ್ಲು ಕೆಳಗಿಳಿಯುವಾಗ ಮಾತ್ರ ಉಳಿ ಲೋಹ ತೆಗೆಯುತ್ತದೆ. ಮೇಲೇರುವಾಗ ಉಳಿಯನ್ನು ಒಂದೆಳೆಯಷ್ಟು ಹಿಂದೆ ಸರಿಸಬೇಕು. ಗೋಡೆ ಗಡಿಯಾರದ ಅಚ್ಚಿನ ತುದಿ ಸುಮಾರು 1 ಮಿ.ಮೀ. ದಪ್ಪವಿದ್ದರೆ ಹೆಚ್ಚು. ನಾನು ಮುರಿದವಕ್ಕೆ ಲೆಕ್ಕವಿಟ್ಟಿಲ್ಲ.

ತೊಡಕು ಬಂದದ್ದು ಹುಡುಗರಿಂದ. ‘ತುದಿಯನ್ನು ನಯವಾಗಿ ಕಡೆಯಬೇಕು’ ಎಂಬುದನ್ನು ಓದಿ ಪುತ್ತೂರಿನವನು “ಕಡೆಯುವ ಕಲ್ಲಿನಲ್ಲಾ ಸರ್?” ಎಂದು ನಕ್ಕ. ಅವನ ಮನೆಯಲ್ಲಿ ಕಡೆಯುವುದು ತೆಂಗಿನಕಾಯಿ, ಮಸಾಲೆ. ಮೈಸೂರಿನವನಿಗೆ ಮಜ್ಜಿಗೆ.

ಇನ್ನು, ಕೈಯಲ್ಲಿ ಹಿಡಿಯುವ ಉಕ್ಕಿನ ಕಡ್ಡಿಗೆ ‘ಚಾಣ’ ಎನ್ನಿ ಎಂದರು ಗೆಳೆಯರೊಬ್ಬರು. ಚಾಣಕ್ಕೆ ಸುತ್ತಿಗೆಯ ಏಟು ಬೀಳಬೇಕು. ಇದನ್ನು ಆನಿಕೆಯ (ಲೇತಿನಲ್ಲಿ ಉಳಿಗೆ ಆಸರೆಯಾಗುವ ಪಟ್ಟಿಯ) ಮೇಲಿಟ್ಟು ಒತ್ತಿ ಹಿಡಿದರಾಯಿತು. ಹಾಗಾಗಿ ಉಳಿಯೇ ಇರಲಿ ಎಂದುಕೊಂಡಿದ್ದೇನೆ.

ಚನ್ನಪಟ್ಟಣದ ಬೊಂಬೆ ಕೆಲಸ ಬಲ್ಲವರು ನಿಮ್ಮಲ್ಲಿದ್ದರೆ ತಿಳಿಸಿ: ಹಾಲೆಮರದ ತುಂಡನ್ನು ಲೇತಿಗೆ ಕೊಟ್ಟು ದುಂಡಗೆ ಮಾಡುವುದಕ್ಕೆ ಅಲ್ಲಿ ‘ಕಡೆ’ ಬಳಕೆಯಲ್ಲಿದೆಯೇ? ಬೆಂಗಳೂರಿನ ಎಚ್‌ಎಂಟಿ ಮೊದಲು ಲೇತು ತಯಾರಿಸಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಕೈಗಡಿಯಾರಕ್ಕೆ ಇಳಿದ ಕಾರ್ಖಾನೆ. ಅಲ್ಲಿ ದುಡಿದವರ ಬಾಯಲ್ಲಿ ಯಾವ ಮಾತಿತ್ತು?