'ದಿ ಆಫ್ರಿಕನ್ ಕ್ವೀನ್' ಸಿನಿಮಾದ ಜರ್ಮನ್ ಹಡಗು ನಿಜವಾಗಿ ಇತ್ತಾ?

ಮಂದಾರ_ಹಾಸನ

ಭಾನುವಾರ ಅಪ್ಪನ ಜೊತೆ ಕೂತು 'ದಿ ಆಫ್ರಿಕನ್ ಕ್ವೀನ್' ನೋಡಿದೆ. 1951ರ ಸಿನಿಮಾ, ಜಾನ್ ಹ್ಯೂಸ್ಟನ್ ನಿರ್ದೇಶನ. ನೋಡದವರಿಗೆ ಕಥೆ ಎರಡೇ ಮಾತಲ್ಲಿ: 1914, ಜರ್ಮನರ ಕೈಲಿದ್ದ ಪೂರ್ವ ಆಫ್ರಿಕಾ. ಯುದ್ಧ ಶುರುವಾಗುತ್ತಲೇ ಸೈನಿಕರು ಬಂದು ಒಂದು ಮಿಷನ್ ಹಳ್ಳಿಯನ್ನು ಸುಟ್ಟುಹಾಕುತ್ತಾರೆ. ಪಾದ್ರಿ ಅದೇ ಆಘಾತದಲ್ಲಿ ಸಾಯುತ್ತಾನೆ. ಅವನ ತಂಗಿ ರೋಸ್ (ಕ್ಯಾಥರೀನ್ ಹೆಪ್‌ಬರ್ನ್) ಹಳೇ ಸ್ಟೀಮ್ ದೋಣಿಯ ಚಾರ್ಲಿಯನ್ನು (ಹಂಫ್ರಿ ಬೋಗಾರ್ಟ್) ಒಪ್ಪಿಸಿ ಹೊರಡಿಸುತ್ತಾಳೆ. ನದಿಗುಂಟ ಸರೋವರಕ್ಕೆ ಹೋಗಿ, ಅಲ್ಲಿ ಕಾವಲಿರುವ 'ಲೂಯಿಸಾ' ಎಂಬ ಜರ್ಮನ್ ಹಡಗನ್ನು ಮುಳುಗಿಸಬೇಕು, ಅಷ್ಟೇ ಅವಳ ಹಟ.

ನನಗೆ ತುಂಬಾ ಹಿಡಿಸಿತು. ಅಪ್ಪ ಮಾತ್ರ ಒಂದೇ ಪಟ್ಟು ಹಿಡಿದಿದ್ದಾರೆ: "ಸಮುದ್ರದಿಂದ ಸಾವಿರ ಕಿಲೋಮೀಟರ್ ಒಳಗೆ, ಸರೋವರದಲ್ಲಿ ಅಷ್ಟು ದೊಡ್ಡ ಹಡಗು ಎಲ್ಲಿಂದ ಬರುತ್ತೆ? ಸುಮ್ನೆ ಕಟ್ಟುಕಥೆ." ಏನಾದರೂ ಆಧಾರ ಇದೆಯಾ? ಗೊತ್ತಿದ್ದವರು ಸ್ವಲ್ಪ ವಿವರವಾಗಿಯೇ ಹೇಳಿ.

ಎಂಜಿನ್_ರೂಮ್

ಇತ್ತು ಕಣಮ್ಮ, ನಿಜವಾಗಿಯೂ ಇತ್ತು. ಹಡಗುಗಳ ಎಂಜಿನ್ ರೂಮಿನಲ್ಲೇ ದುಡಿದು ನಿವೃತ್ತನಾದವನು ನಾನು. ಮನೆ ಮಂಗಳೂರು. ಈ ಹಡಗಿನ ಮೇಲೆ ನನಗೆ ಮೊದಲಿಂದಲೂ ಪ್ರೀತಿ ಜಾಸ್ತಿ, ಹಾಗಾಗಿ ಉತ್ತರ ಉದ್ದವಾಗುತ್ತದೆ.

ಅದರ ನಿಜವಾದ ಹೆಸರು 'ಗ್ರಾಫ್ ಫಾನ್ ಗೋಟ್ಸೆನ್'. ಸರೋವರ ಟಾಂಗನಿಕಾ. 1913ರಲ್ಲಿ ಜರ್ಮನಿಯ ಪಾಪೆನ್‌ಬುರ್ಗ್‌ನ ಮೇಯರ್ ಹಡಗುಕಟ್ಟೆಯಲ್ಲಿ ಕಟ್ಟಿದರು. ಉದ್ದ 70 ಮೀಟರಿಗಿಂತ ಸ್ವಲ್ಪ ಜಾಸ್ತಿ. ಕಟ್ಟಿದ ಮೇಲೆ ಮತ್ತೆ ಬಿಚ್ಚಿದರು. ಸುಮಾರು 5,000 ಪೆಟ್ಟಿಗೆಗಳಲ್ಲಿ ತುಂಬಿ ದಾರ್ ಎಸ್ ಸಲಾಮ್‌ಗೆ ಕಳಿಸಿದರು. ಅಲ್ಲಿಂದ ಸರೋವರದ ದಡದ ಊರು ಕಿಗೋಮಾಗೆ ರೈಲು. ಆ ರೈಲು ಹಾದಿ ಸರೋವರ ಮುಟ್ಟಿದ್ದೇ 1914ರಲ್ಲಿ. ಹಡಗುಕಟ್ಟೆಯಿಂದ ಮೂವರು ಕೆಲಸಗಾರರೂ ಜೊತೆಗೆ ಬಂದಿದ್ದರು. ಸ್ಥಳೀಯರನ್ನು ಸೇರಿಸಿಕೊಂಡು ಸರೋವರದ ದಡದಲ್ಲೇ ತಗಡಿಗೆ ತಗಡು ರಿವೆಟ್ ಹೊಡೆದು ಮತ್ತೆ ಕಟ್ಟಿದರು. 1915ರ ಫೆಬ್ರವರಿಯಲ್ಲಿ ನೀರಿಗಿಳಿಸಿದರು. ನಡುವೆ ಯುದ್ಧ ಶುರುವಾಗಿತ್ತಲ್ಲ, ಹಾಗಾಗಿ ಜನ, ಸಾಮಾನು ಸಾಗಿಸಬೇಕಾದ ಹಡಗಿಗೆ ತೋಪು ಏರಿಸಿದರು.

ಇನ್ನೊಂದು ಕಡೆ ಬ್ರಿಟಿಷರ ಸಾಹಸ. 'ಮಿಮಿ', 'ಟೂಟೂ' ಅಂತ 40 ಅಡಿಯ ಎರಡು ಮೋಟಾರ್ ದೋಣಿಗಳನ್ನು ಇಂಗ್ಲೆಂಡಿನಿಂದ ಕೇಪ್ ಟೌನ್‌ಗೆ ತಂದರು. ಅಲ್ಲಿಂದ ರೈಲು, ಆಮೇಲೆ ಕಾಂಗೋದ ಗುಡ್ಡಗಾಡು. ಉಗಿ ಟ್ರ್ಯಾಕ್ಟರ್, ಎತ್ತು, ಕೂಲಿಯಾಳು, ಎಲ್ಲ ಸೇರಿ ಎಳೆದರು. ಮತ್ತೆ ಸ್ವಲ್ಪ ನದಿ, ಸ್ವಲ್ಪ ರೈಲು. ಮುಂದಾಳು ಜೆಫ್ರಿ ಸ್ಪೈಸರ್-ಸಿಮ್ಸನ್. 1915ರ ಡಿಸೆಂಬರ್ 26ರಂದು 'ಕಿಂಗಾನಿ' ಎಂಬ ಚಿಕ್ಕ ಜರ್ಮನ್ ದೋಣಿಯನ್ನು ಹಿಡಿದರು. 1916ರ ಫೆಬ್ರವರಿಯಲ್ಲಿ 'ಹೆಡ್ವಿಗ್ ಫಾನ್ ವಿಸ್‌ಮನ್' ಅನ್ನು ಮುಳುಗಿಸಿದರು. ಗೋಟ್ಸೆನ್ ಮೇಲೆ ಮಾತ್ರ ದಾಳಿ ಮಾಡಲೇ ಇಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. 1916ರ ಜುಲೈ 26ರಂದು ಜರ್ಮನರು ಕಿಗೋಮಾ ಬಿಟ್ಟು ಹೊರಡಬೇಕಾಯಿತು. ಹಡಗು ಶತ್ರುಗಳ ಕೈಗೆ ಸಿಗಬಾರದು ಅಂತ ತಾವೇ ಮುಳುಗಿಸಿದರು. ಮುಳುಗಿಸುವ ಮೊದಲು ಎಂಜಿನ್ನಿಗೆಲ್ಲ ದಪ್ಪಗೆ ಗ್ರೀಸ್ ಬಳಿದರು! ಒಂದು ದಿನ ಮೇಲೆತ್ತಬಹುದು ಅನ್ನುವ ಆಸೆ. ತನ್ನ ಕೈಯಾರೆ ಕಟ್ಟಿದ ಯಂತ್ರವನ್ನು ನೀರಿಗೆ ಬಿಡುವವನು ಮಾತ್ರ ಹೀಗೆ ಮಾಡುತ್ತಾನೆ. ಅವರ ಲೆಕ್ಕ ತಪ್ಪಲಿಲ್ಲ. 1924ರಲ್ಲಿ ಬ್ರಿಟಿಷರು ಮೇಲೆತ್ತಿದಾಗ ಎಂಜಿನ್, ಬಾಯ್ಲರ್ ರಿಪೇರಿ ಮಾಡಿ ಬಳಸುವ ಸ್ಥಿತಿಯಲ್ಲೇ ಇದ್ದವು. 1927ರಲ್ಲಿ 'ಲಿಯೆಂಬಾ' ಅಂತ ಹೊಸ ಹೆಸರಿನಲ್ಲಿ ಮತ್ತೆ ಓಡಿತು. 1970ರ ದಶಕದಲ್ಲಿ ಡೀಸೆಲ್ ಎಂಜಿನ್ ಬಂತು. ಅದೇ ಹಡಗು ಈ ಶತಮಾನದಲ್ಲೂ ಟಾಂಗನಿಕಾದಲ್ಲಿ ಜನರನ್ನು, ಮೂಟೆಗಳನ್ನು ಹೊತ್ತು ಓಡಾಡಿದೆ. ಅಪ್ಪನಿಗೆ ಇದನ್ನು ತಪ್ಪದೇ ಹೇಳಿ.

ಕಪ್ಪುಬಿಳುಪು

ಎಂಜಿನ್_ರೂಮ್ ಸರ್, ಓದಿ ಖುಷಿಯಾಯಿತು. ಚಿತ್ರೀಕರಣದ ಬಗ್ಗೆ ನನ್ನದೊಂದಿಷ್ಟು ಸೇರಿಸುತ್ತೇನೆ.

ಆಗ ಹೆಚ್ಚಿನ ತಂಡಗಳು ಸ್ಟುಡಿಯೋದಲ್ಲೇ ಕಾಡು ಕಟ್ಟಿ ಮುಗಿಸುತ್ತಿದ್ದವು. ಹ್ಯೂಸ್ಟನ್ ದೊಡ್ಡ ಟೆಕ್ನಿಕಲರ್ ಕ್ಯಾಮೆರಾ ಹೊರಿಸಿಕೊಂಡು ಕಾಂಗೋಗೂ ಉಗಾಂಡಾಗೂ ಹೋದರು. ಛಾಯಾಗ್ರಹಣ ಜ್ಯಾಕ್ ಕಾರ್ಡಿಫ್. ತಂಡದವರು ಹೊಟ್ಟೆ ಕೆಟ್ಟು, ಜ್ವರ ಬಂದು ಮಲಗಿದರು. ಹೆಪ್‌ಬರ್ನ್ ಅಂತೂ ಸೊರಗಿಹೋದರು. ಅಷ್ಟಾದರೂ ಒಂದು ಫ್ರೇಮಿನಲ್ಲೂ ಅವರ ಬೆನ್ನು ಬಗ್ಗಿಲ್ಲ. ರೋಸ್ ಪಾತ್ರಕ್ಕೆ ಅಮೆರಿಕದ ಅಧ್ಯಕ್ಷರ ಪತ್ನಿಯಾಗಿದ್ದ ಎಲೀನರ್ ರೂಸ್‌ವೆಲ್ಟ್ ಅವರ ನಗುವನ್ನು ನೆನಪಿಟ್ಟುಕೊಳ್ಳಿ ಅಂತ ಹ್ಯೂಸ್ಟನ್ ಹೇಳಿದ್ದರಂತೆ. ಅದನ್ನು ತಲೆಯಲ್ಲಿಟ್ಟುಕೊಂಡು ಇನ್ನೊಮ್ಮೆ ನೋಡಿ, ಆ ಗಲ್ಲ ಎತ್ತಿದ ಗತ್ತು ಎಲ್ಲಿಂದ ಬಂತು ಅಂತ ತಿಳಿಯುತ್ತದೆ.

ಜಿಗಣೆ ಹತ್ತುವ ದೃಶ್ಯ ಮಾತ್ರ ಆಫ್ರಿಕಾದ್ದಲ್ಲ. ಅಲ್ಲಿನ ನೀರಿಗೆ ಇಳಿದರೆ ರೋಗ ಗ್ಯಾರಂಟಿ ಅಂತ ಲಂಡನ್ನಿನ ಐಲ್‌ವರ್ತ್ ಸ್ಟುಡಿಯೋದ ಟ್ಯಾಂಕಿನಲ್ಲಿ ತೆಗೆದರು. ಆ ನಡುಕ ನೋಡಿದವರಿಗೆ ಹಾಗನ್ನಿಸುವುದೇ ಇಲ್ಲ, ಅಲ್ವಾ? ಬೋಗಾರ್ಟ್‌ಗೆ ಜೀವಮಾನದ ಒಂದೇ ಒಂದು ಆಸ್ಕರ್ ಬಂದದ್ದು ಈ ಚಾರ್ಲಿಗೇ.

ಮಂದಾರ_ಹಾಸನ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಗ್ರೀಸ್ ವಿಷಯ ಕೇಳಿ "ಇನ್ನೊಂದ್ಸಲ ಓದು" ಅಂದರು. ಈಗ ಅವರದ್ದೇ ಎರಡು ಪ್ರಶ್ನೆ. ಒಂದು, ಈ ಯುದ್ಧದಲ್ಲಿ ನಮ್ಮವರು ಇದ್ದರಾ? ಎರಡು, ಚಾರ್ಲಿ ಮನೆಯಲ್ಲಿ ಪಟಾಕಿ ಕಟ್ಟುವ ಹಾಗೆ ಟಾರ್ಪೆಡೊ ಕಟ್ಟುತ್ತಾನಲ್ಲ, ಅದು ಕೆಲಸ ಮಾಡುತ್ತಾ?

ದಂಡು_ಪ್ರದೇಶ

ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ. ಇದ್ದರು, ಅದೂ ಸಾವಿರಗಟ್ಟಲೆ. 1914ರ ಅಕ್ಟೋಬರ್‌ನಲ್ಲಿ ಬಾಂಬೆಯಿಂದ ಹೊರಟ ಪಡೆಯ ಒಂದು ಭಾಗದ ಹೆಸರೇ 27ನೇ (ಬೆಂಗಳೂರು) ಬ್ರಿಗೇಡ್. ನಮ್ಮ ಕಂಟೋನ್ಮೆಂಟಿನದ್ದು. ಅದರಲ್ಲಿ ಒಂದು ಬ್ರಿಟಿಷ್ ಪಲ್ಟನ್, ಲಾಯಲ್ ನಾರ್ತ್ ಲ್ಯಾಂಕಾಶೈರ್. ಉಳಿದವು 63ನೇ ಪಾಳಯಂಕೋಟೆ ಲೈಟ್ ಇನ್‌ಫೆಂಟ್ರಿ, 98ನೇ ಇನ್‌ಫೆಂಟ್ರಿ, 101ನೇ ಗ್ರೆನೇಡಿಯರ್ಸ್, ಎಲ್ಲ ಭಾರತೀಯ ಸಿಪಾಯಿಗಳು. ಬೇರೆ ತುಕಡಿಗಳ ಜೊತೆ ಕಾಶ್ಮೀರ ರೈಫಲ್ಸ್ ಕೂಡ ಇತ್ತು.

ನವೆಂಬರ್ ಮೊದಲ ವಾರ ಜರ್ಮನರ ಕೈಲಿದ್ದ ಟಾಂಗಾ ಬಂದರಿನಲ್ಲಿ ಇಳಿಸಿದರು. ವಾರಗಟ್ಟಲೆ ಹಡಗಿನಲ್ಲಿ ವಾಂತಿ ಮಾಡಿಕೊಂಡು ನಿತ್ರಾಣವಾದವರು. ಊರಿನ ಮೇಲೆ ದಾಳಿ ಮಾಡುವುದಿಲ್ಲ ಅಂತ ಮೊದಲು ಒಪ್ಪಂದ ಆಗಿತ್ತು; ಬ್ರಿಟಿಷ್ ಯುದ್ಧನೌಕೆಯ ಕಪ್ತಾನ ಊರಿಗೆ ಹೋಗಿ "ಇನ್ನು ಒಪ್ಪಂದ ಇಲ್ಲ" ಅಂತ ಮೊದಲೇ ತಿಳಿಸಿ ಬಂದಿದ್ದ. ಜರ್ಮನರ ಸೇನಾಪತಿ ಲೆಟ್ಟೋ-ಫೋರ್ಬೆಕ್‌ಗೆ ಅಷ್ಟೇ ಸಾಕಾಯಿತು, ರೈಲಿನಲ್ಲಿ ಜನ ತರಿಸಿಕೊಂಡ. ಸುಮಾರು 8,000 ಜನರ ಪಡೆ ಸಾವಿರದಷ್ಟು ಜನರ ಎದುರು ಸೋತಿತು. ಗುಂಡಿನ ಸದ್ದಿಗೆ ಎದ್ದ ಜೇನುಹುಳುಗಳು ಎರಡೂ ಕಡೆಯವರನ್ನು ಕಚ್ಚಿದವು. ಹೀಗಾಗಿ ಈ ಕಾಳಗವನ್ನು ಜೇನುಹುಳುಗಳ ಹೆಸರಿನಿಂದಲೇ ನೆನೆಯುವವರಿದ್ದಾರೆ. ಗ್ರೆನೇಡಿಯರ್ಸ್ ಪೈಕಿ ತುಂಬಾ ಜನ ಅಲ್ಲೇ ಬಿದ್ದರು.

ಎಲ್ಲರಿಗಿಂತ ಜಾಸ್ತಿ ಸತ್ತವರು ಆಫ್ರಿಕದ ಹೊರೆಯಾಳುಗಳು. ತ್ಸೆತ್ಸೆ ನೊಣ ಕಚ್ಚಿ ಕುದುರೆ, ಎತ್ತು ಉಳಿಯುತ್ತಿರಲಿಲ್ಲ, ಹಾಗಾಗಿ ಎಲ್ಲವೂ ಮನುಷ್ಯರ ತಲೆ ಮೇಲೆ. ಬ್ರಿಟಿಷರ ಕಡೆಯಲ್ಲೇ ಸುಮಾರು 95 ಸಾವಿರ ಹೊರೆಯಾಳುಗಳು ಸತ್ತರು ಅನ್ನುತ್ತಾರೆ ಇತಿಹಾಸಕಾರರು, ಹೆಚ್ಚಿನವರು ರೋಗದಿಂದ, ಹಸಿವಿನಿಂದ. ಸಿನಿಮಾದ ಶುರುವಿನಲ್ಲಿ ಹಳ್ಳಿಯ ಗಂಡಸರನ್ನು ಹಿಡಿದು ಎಳೆದೊಯ್ಯುತ್ತಾರಲ್ಲ, ಅದು ನಿಜಕ್ಕೆ ತುಂಬಾ ಹತ್ತಿರ. ಆದರೆ ಆಮೇಲೆ ಕ್ಯಾಮೆರಾ ಅವರ ಕಡೆ ತಿರುಗುವುದೇ ಇಲ್ಲ. ಈ ಸಿನಿಮಾ ಎಷ್ಟೇ ಇಷ್ಟವಾದರೂ ನನಗೆ ಅದೊಂದು ಕೊರಗು ಉಳಿದಿದೆ.

ಎಂಜಿನ್_ರೂಮ್

ದಂಡು_ಪ್ರದೇಶ ಅವರ ಮಾತು ನೂರಕ್ಕೆ ನೂರು ಸರಿ.

ಇನ್ನು ಟಾರ್ಪೆಡೊ. ಆಕ್ಸಿಜನ್ ಸಿಲಿಂಡರಿಗೆ ಸಿಡಿಮದ್ದು ತುಂಬಿದ್ದಕ್ಕಿಂತ ದೋಣಿಯ ಮೂತಿಯಲ್ಲಿ ತೂತು ಕೊರೆದಿದ್ದೇ ನನ್ನ ಕಣ್ಣಿಗೆ ದೊಡ್ಡ ಅಪಾಯ. ನದಿಯಲ್ಲಿ ನಡೆದೀತು. ಸರೋವರದಲ್ಲಿ ಗಾಳಿ ಎದ್ದರೆ ಅಲೆ ನೇರ ಒಳಗೆ ನುಗ್ಗುತ್ತದೆ. ಸಿನಿಮಾದಲ್ಲೂ ಆಗುವುದು ಅದೇ, ಬರೆದವರಿಗೆ ದೋಣಿ ಗೊತ್ತಿತ್ತು. ಮಗುಚಿದ ದೋಣಿಗೆ ಹಡಗೇ ಬಂದು ಸರಿಯಾಗಿ ಗುದ್ದುವುದು ಮಾತ್ರ ಪೂರ್ತಿ ಅದೃಷ್ಟ.

ಸಿನಿಮಾದಲ್ಲಿ ಬರುವ, ಪ್ರೊಪೆಲ್ಲರ್ ತಿರುಗಿಸುವ ಬಗ್ಗಿದ ಶಾಫ್ಟಿನ ರಿಪೇರಿಯನ್ನೂ ಅಪ್ಪ ಗಮನಿಸಲಿ. ದಡದಲ್ಲಿ ಬೆಂಕಿ ಹಾಕಿ, ತಿದಿ ಒತ್ತಿ, ಕಾಯಿಸಿ ಬಡಿದು ನೆಟ್ಟಗೆ ಮಾಡುವುದನ್ನು ನಾನು ನಂಬುತ್ತೇನೆ, ಕುಲುಮೆಯವರಿಗೆ ಗೊತ್ತಿರುವ ಕೆಲಸ. ಮುರಿದ ಪ್ರೊಪೆಲ್ಲರ್ ರೆಕ್ಕೆಯನ್ನು ಅಲ್ಲೇ ಹೊಸದಾಗಿ ಕೂರಿಸುವುದು ಕಷ್ಟ. ರೆಕ್ಕೆಗಳ ತೂಕ ಸ್ವಲ್ಪ ಏರುಪೇರಾದರೂ ದೋಣಿಯೆಲ್ಲ ಗಡಗಡ ನಡುಗುತ್ತದೆ, ಬೇರಿಂಗ್ ಬೇಗ ತಿಂದುಹೋಗುತ್ತದೆ.

ಸಿ. ಎಸ್. ಫಾರೆಸ್ಟರ್ 1935ರಲ್ಲಿ ಬರೆದ ಮೂಲ ಕಾದಂಬರಿಯ ಕೊನೆ ಬೇರೆಯೇ ಇದೆ. ಅಲ್ಲಿ ಇವರಿಬ್ಬರ ಪ್ರಯತ್ನ ಫಲಿಸುವುದಿಲ್ಲ, ಜರ್ಮನ್ ಹಡಗನ್ನು ಮುಳುಗಿಸುವುದು ಬ್ರಿಟಿಷ್ ಮೋಟಾರ್ ದೋಣಿಗಳು. ಅಂದರೆ ಮಿಮಿ, ಟೂಟೂ ಕಥೆಗೆ ಹತ್ತಿರ. ಅಪ್ಪನಿಗೆ ಓದುವ ಆಸಕ್ತಿ ಇದ್ದರೆ ಮುಂದಿನ ಭಾನುವಾರಕ್ಕೆ ಆ ಪುಸ್ತಕ ಕೊಡಿ, ದೊಡ್ಡದೇನಲ್ಲ.