ಊರಲ್ಲಿರೋ ಅಪ್ಪಯ್ಯನ ಆರೈಕೆಗೆ ಜನ: ಹುಡುಕೋದು, ಉಳಿಸಿಕೊಳ್ಳೋದು, ದುಡ್ಡು ಹೊಂದಿಸೋದು

ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ತಂದೆಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದಿದೆ, ತಾಯಿಗೆ ಮಂಡಿನೋವು, ತಮ್ಮ ತೋಟ ನೋಡಿಕೊಂಡು ಹೆಂಡತಿ ಜೊತೆ ಅಲ್ಲೇ ಇದ್ದಾರೆ, ನೀವು ಬೆಂಗಳೂರಲ್ಲಿ. ನೋಡಿಕೊಳ್ಳೋಕೆ ಜನ ಎಲ್ಲಿ ಸಿಗ್ತಾರೆ, ಎಷ್ಟು ಕೊಡಬೇಕು, ದುಡ್ಡಿಗೆ ಸ್ವಲ್ಪ ಜಾಗ ಮಾರಬೇಕಾ ಅಂತ ಕೇಳಿದ್ದೀರಿ. ನಮ್ಮ ಮನೆ ರಿಪ್ಪನ್‌ಪೇಟೆ ಕಡೆ. ಅಪ್ಪಯ್ಯ ಹಾಸಿಗೆ ಹಿಡಿದು ಕೆಲವು ವರ್ಷಗಳಾದವು. ಅಣ್ಣ ಅತ್ತಿಗೆ ಊರಲ್ಲಿ, ನಾನು ಶಿವಮೊಗ್ಗದಲ್ಲಿ. ನಮ್ಮ ಮನೆಯದ್ದು, ಅತ್ತಿಗೆಯ ತವರಿನದ್ದು, ನನ್ನ ಜೊತೆ ಕೆಲಸ ಮಾಡುವವರೊಬ್ಬರ ಮನೆಯದ್ದು, ಮೂರೂ ಸೇರಿಸಿ ಬರೆಯುತ್ತೇನೆ.

ಜನ ಸಿಗೋದು ಕಷ್ಟ, ನಿಜ. ಆದರೆ ಸಿಕ್ಕವರು ಉಳಿಯೋದು ಅದಕ್ಕಿಂತ ಕಷ್ಟ. ದುಡ್ಡಿನ ಲೆಕ್ಕವನ್ನೂ ಅಲ್ಲಿಂದಲೇ ಶುರು ಮಾಡಿ.

ಮೊದಲು ನಿಮ್ಮ ತಮ್ಮನಿಗೆ ಹೇಳಿ, ತಂದೆಯ ಒಂದು ಇಡೀ ದಿನದಲ್ಲಿ ಯಾರು ಯಾವಾಗ ಏನು ಮಾಡುತ್ತಾರೆ ಅಂತ ಬರೆದಿಡಲಿ, ರಾತ್ರಿಯದ್ದೂ ಸೇರಿಸಿ. ಆಗ ನರ್ಸ್ ಬೇಕಾ, ಸುಮ್ನೆ ಜೊತೆಗಿದ್ದು ಎತ್ತಿ ಕೂರಿಸುವವರು ಸಾಕಾ ಅಂತ ಗೊತ್ತಾಗುತ್ತದೆ. ಮೂಗಿನ ನಳಿಗೆ, ಕ್ಯಾಥೆಟರ್, ಆಳವಾದ ಹಾಸಿಗೆ ಹುಣ್ಣು ಇದ್ದರೆ ತರಬೇತಿ ಆದವರೇ ಬೇಕು. ಇಲ್ಲದಿದ್ದರೆ ಕೈ ಹದ ಇರುವ, ಗಟ್ಟಿಮುಟ್ಟಾದ ಊರಿನ ಹೆಂಗಸು ಸಾಕು, ಕಲಿಸಬಹುದು. ನಮ್ಮಲ್ಲಿ ಅಪ್ಪಯ್ಯ ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ನೋಡಿಕೊಳ್ಳುವವರನ್ನು ಅಲ್ಲಿಗೆ ಕರೆಸಿ, ಸಿಸ್ಟರ್ ಹತ್ತಿರವೇ ಎಲ್ಲ ತೋರಿಸಿಕೊಂಡೆವು. ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಬೆನ್ನು ಸೊಂಟದ ಕೆಳಗೆ ಅಡ್ಡ ಹಾಸಬೇಕು. ಇಬ್ಬರು ಎರಡು ಕಡೆ ಸುರುಳಿ ಸುತ್ತಿ ಹಿಡಿದು, ಎಳೆಯದೆ ಎತ್ತಿ ಸರಿಸಬೇಕು. ಎಳೆದರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಏರ್ ಬೆಡ್ ಇದ್ದರೂ ಇದು ತಪ್ಪುವುದಿಲ್ಲ. ಲಕ್ವ ಆದವರನ್ನು ಬಿದ್ದ ಕೈ ಹಿಡಿದು ಎಬ್ಬಿಸಲೇಬಾರದು, ಭುಜದ ಕೀಲು ಜಾರಿಬಿಡುತ್ತದೆ. ಮಲಗಿಸಿ ಗಂಜಿ ಕುಡಿಸಬಾರದು. ನೆಟ್ಟಗೆ ಕೂರಿಸಿ, ಸ್ವಲ್ಪ ಸ್ವಲ್ಪ, ಉಂಡ ಮೇಲೂ ಅರ್ಧ ಗಂಟೆ ಕೂತಿರಬೇಕು. ಇವಿಷ್ಟು ಮನೆಯವರಿಗೆಲ್ಲ ಗೊತ್ತಿರಲಿ.

ಇನ್ನು ಜನ. ಶಿವಮೊಗ್ಗದಲ್ಲಿ ಏಜೆನ್ಸಿಗಳಿವೆ. ಒಂದು ಕಡೆ ಹಗಲು ರಾತ್ರಿ ಮನೆಯಲ್ಲೇ ಇರುವವರಿಗೆ ನಮಗೆ ಹೇಳಿದ್ದು ತಿಂಗಳಿಗೆ 26,000, ಊಟ ವಸತಿ ನಮ್ಮದು, ಒಂದು ತಿಂಗಳದ್ದು ಮುಂಗಡ. ಏಜೆನ್ಸಿಗೆ ಹೋಗುವುದಾದರೆ ಎರಡು ವಿಷಯ ಬರವಣಿಗೆಯಲ್ಲಿ ತಗೊಳ್ಳಿ. ಆ ದುಡ್ಡಿನಲ್ಲಿ ಕೆಲಸ ಮಾಡುವವರ ಕೈಗೆ ಎಷ್ಟು ಹೋಗುತ್ತದೆ, ಮತ್ತು ಅವರು ಬಿಟ್ಟು ಹೋದರೆ ಬದಲಿಯವರು ಎಷ್ಟು ದಿನದಲ್ಲಿ ಬರುತ್ತಾರೆ. ಅತ್ತಿಗೆಯ ತವರು ಕೊಪ್ಪದ ಕಡೆ. ಅಲ್ಲಿಗೆ ಏಜೆನ್ಸಿಯಿಂದ ಬಯಲುಸೀಮೆಯ ಹುಡುಗಿ ಬಂದಿದ್ದಳು, ಕೆಲಸ ಚೊಕ್ಕ. ಆದರೆ ಜುಲೈ ಮಳೆ ಹಿಡಿದ ಮೇಲೆ ವಾರಗಟ್ಟಲೆ ಕರೆಂಟಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ, ಪಕ್ಕದ ಮನೆ ಅಂದರೆ ಗದ್ದೆ ದಾಟಿ ಹೋಗಬೇಕು. ತನ್ನ ಮಗುವಿನ ಜೊತೆ ಫೋನಲ್ಲಿ ಮಾತಾಡೋಕೂ ಆಗದೆ ಹೊರಟುಬಿಟ್ಟಳು. ಅವಳ ತಪ್ಪು ಏನಿದೆ ಹೇಳಿ?

ಹಾಗಾಗಿ ಹಳ್ಳಿ ಮನೆಗೆ ಹತ್ತಿರದ ಊರಿನವರೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಯಾರ ಮನೆಯಲ್ಲಿ ಯಾರಿಗೆ ಕೆಲಸ ಬೇಕಾಗಿದೆ ಅಂತ ಅವರಿಗೆ ಗೊತ್ತಿರುತ್ತದೆ. ಹೆಂಗಸರ ಸ್ವಸಹಾಯ ಸಂಘದಲ್ಲೂ ವಿಚಾರಿಸಿ. ನಮಗೆ ಸಿಕ್ಕಿದ್ದು ಹಾಗೇ. ಬಸ್ಸಿನ ವೇಳೆ ನೋಡಿಕೊಂಡು ಕೆಲಸದ ಹೊತ್ತು ಗೊತ್ತು ಮಾಡಿ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ಆದರೆ ನಮ್ಮ ಒಳದಾರಿಗಳಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸೇ ಅಲ್ವಾ, ಆ ಚಾರ್ಜು ನೀವೇ ಕೊಡಿ. ಪರಿಚಯದವರೇ ಆದರೂ ಆಧಾರ್ ಪ್ರತಿ, ಮನೆಯವರ ಫೋನ್ ನಂಬರ್ ಇಟ್ಟುಕೊಳ್ಳಿ. ಗೊತ್ತಿಲ್ಲದವರಾದರೆ ಪೊಲೀಸ್ ಪರಿಶೀಲನೆ ಮಾಡಿಸಿಕೊಳ್ಳಿ.

ಗಂಡಸರಿಗೆ ಹೆಂಗಸರು ಸ್ನಾನ ಮಾಡಿಸೋದು ಹೇಗೆ ಅನ್ನುವ ಪ್ರಶ್ನೆ ಬರುತ್ತದೆ. ಅಪ್ಪಯ್ಯ ಮೊದಮೊದಲು ಮುಖ ಗೋಡೆ ಕಡೆ ತಿರುಗಿಸಿ ಮಲಗಿಬಿಡುತ್ತಿದ್ದರು. ಬೆಳಗ್ಗೆ ಮೈ ಒರೆಸುವುದು, ಡೈಪರ್ ಬದಲಿಸುವುದನ್ನು ಅಣ್ಣ ಮಾಡಿ ತೋಟಕ್ಕೆ ಹೋಗುತ್ತಾನೆ, ಉಳಿದದ್ದು ಕೆಲಸಕ್ಕೆ ಬರುವ ಅಕ್ಕ ನೋಡಿಕೊಳ್ಳುತ್ತಾರೆ (ಅವರನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುವುದು). ನಿಮ್ಮ ತಮ್ಮ ಒಪ್ಪಿದರೆ ಇದೇ ಸುಲಭ, ಗಂಡಸು ಅಟೆಂಡರ್ ಸಿಗುವುದು ತುಂಬಾ ಕಮ್ಮಿ. ನನ್ನ ಸಹೋದ್ಯೋಗಿಯ ತಂದೆಗೆ ರಾತ್ರಿಗೆ ಮಾತ್ರ ಒಬ್ಬ ಹುಡುಗ ಬರುತ್ತಾನೆ, ಆದರೆ ಅದು ಶಿವಮೊಗ್ಗ ಪೇಟೆಯೊಳಗೆ. ಹಳ್ಳಿಗೆ ಹಾಗೆ ಬರುವವರನ್ನು ನಾನು ನೋಡಿಲ್ಲ.

ರಾತ್ರಿ ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಹಗಲು ಪೂರ್ತಿ ದುಡಿದವರು ರಾತ್ರಿ ನಾಲ್ಕು ಸಲ ಎದ್ದರೆ ಎಷ್ಟು ದಿನ ತಡೆಯುತ್ತಾರೆ? ‘ಇಪ್ಪತ್ನಾಲ್ಕು ಗಂಟೆ’ ಅಂತ ಮಾತಾಡಿದರೂ ಅವರಿಗೆ ನಿದ್ದೆಯ ಹೊತ್ತು, ಬಾಗಿಲು ಇರುವ ಜಾಗ, ವಾರಕ್ಕೊಂದು ರಜೆ ಬೇಕೇ ಬೇಕು. ಆ ರಜೆಗೆ ಬದಲಿ ಬರುವವರನ್ನು ಈಗಲೇ ಗೊತ್ತು ಮಾಡಿ, ತಿಂಗಳಿಗೆ ನಾಲ್ಕು ದಿನ ಅವರಿಗೂ ಕೆಲಸ ಕೊಡಿ. ಆಗ ತಂದೆಗೂ ಅವರ ಪರಿಚಯ ಇರುತ್ತದೆ. ಅಕ್ಕನಿಗೆ ಜ್ವರ ಬಂದ ದಿನ ಮನೆ ತಲೆಕೆಳಗಾಗುವುದಿಲ್ಲ.

ಇನ್ನೊಂದು, ಅಡಿಕೆ ಕಾಲ. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ಶುರುವಾಯಿತು ಅಂದರೆ ಅಡಿಕೆ ಸುಲಿಯಲು ಎಲ್ಲ ಕಡೆ ಕರೆಯುತ್ತಾರೆ. ಸುಲಿದಷ್ಟಕ್ಕೆ ದುಡ್ಡು, ನಾಲ್ಕು ಜನರ ಜೊತೆ ಮಾತಾಡಿಕೊಂಡು ಕೂರಬಹುದು. ಕಾಯಿಲೆಯವರ ಕೋಣೆಯಲ್ಲಿ ಒಬ್ಬರೇ ಇರುವವರಿಗೆ ಆಸೆ ಆಗುವುದು ಸಹಜ. ಆ ತಿಂಗಳುಗಳಲ್ಲಿ ನಾವು ಎರಡು ಸಾವಿರ ಜಾಸ್ತಿ ಕೊಡುತ್ತೇವೆ, ಇದನ್ನು ಸೇರುವಾಗಲೇ ಹೇಳಿಬಿಟ್ಟಿದ್ದೆವು.

ಊಟದ ವಿಷಯ ನಿಮ್ಮ ತಾಯಿಯ ಹತ್ತಿರ ಮೊದಲೇ ಮಾತಾಡಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇನ್ನೂ ಒಳಗೆ ಬರಬೇಡಿ, ಅಡುಗೆಮನೆ ಮುಟ್ಟಬೇಡಿ, ಹೊರಗಿನವರಿಗೆ ಬೇರೆ ಲೋಟ ಅಂತ ನಡೆಯುತ್ತದೆ. ನಿಮ್ಮ ತಂದೆಯ ಮಲಮೂತ್ರ ಬಳಿಯುವವರಿಗೆ ಜಗಲಿಯಲ್ಲಿ ಬೇರೆ ತಟ್ಟೆ ಇಡುವುದು ಅನ್ಯಾಯ. ನಾನು ಕೇಳಿದ ಮಟ್ಟಿಗೆ ಒಳ್ಳೆಯವರು ಕೆಲಸ ಬಿಟ್ಟಿದ್ದು ಸಂಬಳಕ್ಕಿಂತ ಇಂಥದ್ದಕ್ಕೇ ಜಾಸ್ತಿ.

ಈಗ ದುಡ್ಡು. ನಾವು ಅಕ್ಕನಿಗೆ ಹಗಲು ಕೆಲಸಕ್ಕೆ 15,000 ಕೊಡುತ್ತೇವೆ. ಬದಲಿಯವರಿಗೆ ದಿನಕ್ಕೆ 700ರಂತೆ 2,800. ಡೈಪರ್, ಹಾಸಿಗೆಗೆ ಹಾಸುವ ಶೀಟು, ಗ್ಲೌಸ್, ಮುಲಾಮು ಎಲ್ಲ ಸೇರಿ ನಾಲ್ಕೂವರೆ ಸಾವಿರ ದಾಟುತ್ತದೆ. ಬಸ್ ಚಾರ್ಜು, ಹಬ್ಬದ ಸೀರೆ ಸೇರಿಸಿದರೆ ತಿಂಗಳಿಗೆ 23,000 ಹತ್ತಿರ, ವರ್ಷಕ್ಕೆ ಎರಡೂಮುಕ್ಕಾಲು ಲಕ್ಷ. ಔಷಧಿ ಬೇರೆ. ಆಯುಷ್ಮಾನ್ ಥರದ ಯೋಜನೆಗಳು ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ, ಮನೆಗೆ ಬರುವವರ ಸಂಬಳಕ್ಕಲ್ಲ. ಅದನ್ನು ನಂಬಿ ಕೂರಬೇಡಿ.

ಮೊದಲು ಅಪ್ಪ ಅಮ್ಮನ ದುಡ್ಡು ಅವರಿಗೇ ಖರ್ಚಾಗಲಿ, ಅದರಲ್ಲಿ ಸಂಕೋಚ ಬೇಡ. ಅಪ್ಪಯ್ಯ ಅಮ್ಮ ಇಬ್ಬರ ಹೆಸರಲ್ಲೂ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ತಲಾ 10 ಲಕ್ಷ ಇಟ್ಟಿದ್ದೇವೆ. ನಾವು ಇಟ್ಟಾಗ ಬಡ್ಡಿ ಶೇಕಡಾ 8.2, ಐದು ವರ್ಷಕ್ಕೆ ಅದೇ ದರ. ಮೂರು ತಿಂಗಳಿಗೊಮ್ಮೆ ಇಬ್ಬರದ್ದೂ ಸೇರಿ 41,000 ಬರುತ್ತದೆ, ಅಂದರೆ ಅಕ್ಕನ ಸಂಬಳ ಹತ್ತಿರ ಹತ್ತಿರ ಆಯಿತು. 2023ರಿಂದ ಒಬ್ಬರು 30 ಲಕ್ಷದವರೆಗೆ ಇಡಬಹುದು. ಉಳಿದದ್ದಕ್ಕೆ ಅಡಿಕೆ. ಮ್ಯಾಮ್‌ಕೋಸ್‌ಗೆ (ಅಡಿಕೆ ಮಾರಾಟದ ಸಹಕಾರ ಸಂಘ) ಹಾಕಿದ ಅಡಿಕೆಯ ದುಡ್ಡು ಬಂದ ದಿನವೇ ಅಣ್ಣ ವರ್ಷದ ಪಾಲನ್ನು ಬೇರೆ ಖಾತೆಗೆ ಹಾಕಿಬಿಡುತ್ತಾನೆ. ಎಲೆಚುಕ್ಕೆ ರೋಗ ಬಂದ ಮೇಲೆ ಮುಂದಿನ ಫಸಲಿನ ಮೇಲೆ ಲೆಕ್ಕ ಹಾಕುವುದು ಕಷ್ಟ. ಕಮ್ಮಿ ಬಿದ್ದದ್ದು ನಾನು ತುಂಬುತ್ತೇನೆ. ಆ ಖಾತೆ ಜಂಟಿ, ಪಾಸ್‌ಬುಕ್ ಎಲ್ಲರೂ ನೋಡಬಹುದು, ಹಾಗಾಗಿ ಮಾತು ಬೆಳೆಯುವುದಿಲ್ಲ.

ನೀವು ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಾದರೆ 80ಡಿಡಿ ಅಂತ ಕರೆಯುತ್ತಾ ಬಂದ ರಿಯಾಯಿತಿ ಬಗ್ಗೆ ನಿಮ್ಮ ಆಡಿಟರ್ ಹತ್ತಿರ ಕೇಳಿ. ಅವಲಂಬಿತ ತಂದೆಗೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇದೆ ಅಂತ ಸರ್ಟಿಫಿಕೇಟ್ ಸಿಕ್ಕರೆ 75,000, ಶೇಕಡಾ 80 ಅಥವಾ ಹೆಚ್ಚಾದರೆ 1,25,000 ಆದಾಯದಲ್ಲಿ ಕಳೆಯಲು ಅವಕಾಶ ಇದೆ. ಲಕ್ವದವರಿಗೆ ಆ ಸರ್ಟಿಫಿಕೇಟ್ ಮಾಡಿಸುವ ಯೋಚನೆಯೇ ಎಷ್ಟೋ ಮನೆಯವರಿಗೆ ಬಂದಿರುವುದಿಲ್ಲ.

ಜಾಗ ಮಾರುವುದು ಕೊನೆಗಿರಲಿ. ‘ನೋಡಿಕೊಳ್ಳುತ್ತೇನೆ, ನನ್ನ ಹೆಸರಿಗೆ ಮಾಡಿ’ ಅಂತ ಯಾರಾದರೂ ಕೇಳಿದರೆ ದಾನಪತ್ರದಲ್ಲಿ ನೋಡಿಕೊಳ್ಳಬೇಕು ಎಂಬ ಷರತ್ತು ಕಡ್ಡಾಯವಾಗಿ ಬರೆಸಿ. ಷರತ್ತು ಇದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಎಸಿ (ಉಪವಿಭಾಗಾಧಿಕಾರಿ) ಹತ್ತಿರ ಹೋಗಿ ರದ್ದು ಮಾಡಿಸಬಹುದು. ತೀರ್ಥಹಳ್ಳಿಯವರಿಗೆ ಶಿವಮೊಗ್ಗ ಎಸಿ, ನಮ್ಮ ಹೊಸನಗರದವರಿಗೆ ಸಾಗರ. ಗಾಬರಿಯಲ್ಲಿ ಏನು ಮಾಡೋದು ಅಂತ ತೋಚದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ.

ನಿಮ್ಮ ತಮ್ಮನ ಹೆಂಡತಿ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಈಗ ಅನ್ನ, ಔಷಧಿ, ಬಟ್ಟೆ, ರಾತ್ರಿ ಏಳುವುದು ಎಲ್ಲ ಬಹುಶಃ ಅವರ ತಲೆ ಮೇಲೇ ಇದೆ. ಜನ ಇಡುವ ಮೊದಲು ಅವರನ್ನು ಕೇಳಿ, ಯಾವ ಕೆಲಸ ಕೈಯಿಂದ ಹೋದರೆ ಉಸಿರು ಬಿಡಬಹುದು ಅಂತ. ನಮ್ಮ ಅತ್ತಿಗೆಗೆ ಬೇಕಾಗಿದ್ದು ಹಗಲಿನ ಸಹಾಯಕ್ಕಿಂತ ವರ್ಷಕ್ಕೆ ಒಂದಷ್ಟು ದಿನ ತವರಿಗೆ ಹೋಗಿ ಬರುವುದು. ಆ ದಿನಗಳಲ್ಲಿ ನಾನು ರಜೆ ಹಾಕಿ ಹೋಗಿ ಇರುತ್ತೇನೆ. ನೀವು ಬೆಂಗಳೂರಿಂದ ದುಡ್ಡು ಕಳಿಸುವುದರ ಜೊತೆಗೆ ಇದನ್ನೂ ಮಾಡಲೇಬೇಕು.

ಕೊನೆಗೆ, ಕೆಲಸಕ್ಕೆ ಬಂದವರಿಗೆ ಬ್ಯಾಂಕ್ ಖಾತೆ ಇದ್ದರೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಿಸಿಕೊಡಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಪೂರ್ತಿ ಅಂಗವೈಕಲ್ಯ ಆದರೆ ಎರಡು ಲಕ್ಷ. ಮಳೆಯಲ್ಲಿ ಪಾಚಿ ಕಟ್ಟಿದ ಅಂಗಳ ದಾಟಿ ಬರುವವರು ಅವರು.

ತಂದೆಗೆ ನುಂಗಲು ಆಗುತ್ತಾ, ರಾತ್ರಿ ಎಷ್ಟು ಸಲ ಎಬ್ಬಿಸುತ್ತಾರೆ, ಬಚ್ಚಲುಮನೆ ಒಳಗಿದೆಯಾ ಹೊರಗಾ, ಇದನ್ನೆಲ್ಲ ಬರೆಯಿರಿ. ಹೊರಗಿದ್ದರೆ ಕಮೋಡ್ ಕುರ್ಚಿ ತರಿಸುವುದು ಜನ ಹುಡುಕುವುದಕ್ಕಿಂತ ಮೊದಲಿನ ಕೆಲಸ.